ನಿಮ್ಮ ‘ನಂಬಿಕಸ್ಥ ಟಾಪ್ 10 ಸ್ಲಾಟ್ ಆಪ್’ ಪಟ್ಟಿಯ ಮೇಲೆ ಒಂದು ದೂರು

ಇವರಿಗೆ,
ದೂರು ವಿಭಾಗದ ಮುಖ್ಯಸ್ಥರು

ವಿಷಯ: ಕನ್ನಡದಲ್ಲಿ ಹರಿಬಿಟ್ಟಿರುವ ಸ್ಲಾಟ್ ಆಪ್ ಪಟ್ಟಿ ತೆಗೆಯುವುದು ಮತ್ತು ಕಮಿಷನ್ ವಿವರ ಕೊಡುವುದು

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಸಣ್ಣಪುಟ್ಟ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವನು. ಜೂಜು ಆಡಿದ್ದು ನಾನಲ್ಲ, ನನ್ನ ಅಕ್ಕನ ಮಗ. ಟೆಲಿಗ್ರಾಂನಲ್ಲಿ ಬಂದ ನಿಮ್ಮ ಪಟ್ಟಿ ನೋಡಿ ಎರಡನೇ ನಂಬರಿನ ಸ್ಲಾಟ್ ಆಪ್, ಅಂದರೆ ದುಡ್ಡು ಕಟ್ಟಿ ಚಿತ್ರದ ಚಕ್ರ (ರೀಲ್) ತಿರುಗಿಸುವ ಜೂಜಿನ ಆಪ್, ಹಾಕಿಕೊಂಡ. ಬಟ್ಟೆ ಅಂಗಡಿಯ ಸಂಬಳ ಹೋಯಿತು, ತಂಗಿಯ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ದುಡ್ಡೂ ಹೋಯಿತು. ಆ ದುಡ್ಡಿನ ಬಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಾಗಿದೆ. ಈ ಪತ್ರ ಮಾತ್ರ ನಿಮಗೆ. ಯಾಕೆಂದರೆ ‘ಸುಮ್ನೆ ಯಾವುದೋ ಆಪ್ ಹಾಕ್ಕೊಳ್ಳಲಿಲ್ಲ ಮಾಮ, ವಿಚಾರಿಸಿ ಒಳ್ಳೇದನ್ನೇ ಆರಿಸ್ಕೊಂಡೆ’ ಅಂತಾನೆ ಹುಡುಗ. ಅವನು ವಿಚಾರಿಸಿದ್ದು ನಿಮ್ಮನ್ನು.

ಹಾಗಾಗಿ ನಿಮ್ಮ ಪಟ್ಟಿಯನ್ನು ನಾನೂ ಕೂತು ಓದಿದೆ. ಗ್ರಾಫಿಕ್ಸ್‌ಗೆ ಹತ್ತಕ್ಕೆ ಒಂಬತ್ತೂವರೆ, ಬೋನಸ್‌ಗೆ ಒಂಬತ್ತು, ಎಷ್ಟು ಆಟ ಇವೆ ಅನ್ನೋದಕ್ಕೆ ಪೂರ್ತಿ ಹತ್ತು. ಲೈಸೆನ್ಸ್ ಕೊಟ್ಟವರು ಯಾರು, ಗೆದ್ದ ದುಡ್ಡು ಕೈಗೆ ಬರೋಕೆ ಎಷ್ಟು ದಿನ, ಬರದಿದ್ದರೆ ಯಾರ ಹತ್ತಿರ ಹೋಗಬೇಕು ಎಂಬುದಕ್ಕೆ ಒಂದು ಕಾಲಂ ಕೂಡ ಇಲ್ಲ.

ದಪ್ಪಕ್ಷರದಲ್ಲಿ ಇರುವುದು ‘ಆರ್‌ಟಿಪಿ 96%’, ಅಂದರೆ ಕಟ್ಟಿದ ಬಾಜಿಯಲ್ಲಿ ಸರಾಸರಿ ಇಷ್ಟು ಪಾಲು ಆಡುವವರಿಗೆ ವಾಪಸ್ ಬರುತ್ತೆ ಅಂತ. ಇದನ್ನು ಓದಿದವರಿಗೆ ಏನನ್ನಿಸುತ್ತೆ ಹೇಳಿ? ಸಾವಿರ ಹಾಕಿದರೆ ನಲವತ್ತು ಹೋಗುತ್ತೆ, ಅಷ್ಟೇ ತಾನೇ ಅಂತ. ಆದರೆ ಆ 4% ಮುರಿದುಕೊಳ್ಳುವುದು ಪ್ರತಿ ಸ್ಪಿನ್ ಮೇಲೆ, ಅಂದರೆ ಚಕ್ರ ತಿರುಗಿಸಿದ ಪ್ರತಿ ಸಲ. 20 ರೂಪಾಯಿಯ ಸ್ಪಿನ್, ಮೂರು ಸೆಕೆಂಡಿಗೆ ಒಂದು ಅಂದುಕೊಳ್ಳಿ. ಗಂಟೆಗೆ 1,200 ಸ್ಪಿನ್, ಒಟ್ಟು 24,000 ರೂಪಾಯಿ ಬಾಜಿ. ಅದರ 4% ಅಂದರೆ 960. ಸರಾಸರಿ ಲೆಕ್ಕದಲ್ಲಿ ಆ ಸಾವಿರಕ್ಕೆ ಒಂದು ಗಂಟೆ ಆಯುಷ್ಯ. ಸಾಲದ್ದಕ್ಕೆ ಒಂದೇ ಆಟವನ್ನು ತಯಾರಕರು ಬೇರೆ ಬೇರೆ ಆರ್‌ಟಿಪಿಯಲ್ಲಿ ಮಾರುತ್ತಾರೆ. 96ರದ್ದೂ ಇರುತ್ತೆ, 94ರದ್ದೂ ಇರುತ್ತೆ, ಇನ್ನೂ ಕೆಳಗಿನದೂ ಇರುತ್ತೆ. ಯಾವುದನ್ನು ಹಾಕಬೇಕು ಅನ್ನೋದು ಆಪ್‌ನವರ ಇಷ್ಟ. ಚಿತ್ರ, ಬಣ್ಣ, ಸದ್ದು ಎಲ್ಲದರಲ್ಲೂ ಒಂದೇ. ನೀವು ಬರೆದ 96ನ್ನು ಪರೀಕ್ಷೆ ಮಾಡಿದವರು ಯಾರು?

ಇನ್ನು ಆ ಒಂಬತ್ತು ಮಾರ್ಕಿನ ಬೋನಸ್. ಸಾವಿರ ಹಾಕಿದರೆ ಸಾವಿರ ಫ್ರೀ. ಷರತ್ತಿನ ಪುಟದಲ್ಲಿ ಏನಿದೆ ಅಂದರೆ, ಎರಡನ್ನೂ ಸೇರಿಸಿ ಅದರ 35 ಪಟ್ಟು ಆಡಿದ ಮೇಲೆ ಮಾತ್ರ ದುಡ್ಡು ತೆಗೆಯಬಹುದು. ಅಂದರೆ 70,000 ರೂಪಾಯಿಯ ಬಾಜಿ. ನಿಮ್ಮ 96%ನೇ ನಿಜ ಅಂತ ಹಿಡಿದರೂ ಅಷ್ಟು ಆಡುವುದರೊಳಗೆ ಸರಾಸರಿ 2,800 ಹೋಗುತ್ತೆ. ಖಾತೆಯಲ್ಲಿ ಇರೋದೇ 2,000. ಮೊಣಕೈಗೆ ಬೆಲ್ಲ ಸವರಿ ನೆಕ್ಕು ಅಂದ ಹಾಗಾಯ್ತು. ಗುಣಾಕಾರ ಬರುವ ಯಾರೇ ಆಗಲಿ ಎರಡು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು. ನಿಮ್ಮ ‘ತಜ್ಞರ ತಂಡ’ ಮಾಡಲಿಲ್ಲ, ಅಥವಾ ಮಾಡಿಯೂ ಬರೆಯಲಿಲ್ಲ.

ಹುಡುಗನ ಫೋನಿನಲ್ಲಿ ಒಂದು ಸ್ಕ್ರೀನ್ ರೆಕಾರ್ಡಿಂಗ್ ಇದೆ. ಗೆದ್ದೆ ಅಂತ ಗೆಳೆಯರಿಗೆ ತೋರಿಸೋಕೆ ಮಾಡಿಟ್ಟುಕೊಂಡಿದ್ದ. 20 ರೂಪಾಯಿ ಸ್ಪಿನ್. ರೀಲ್ ನಿಂತಿತು. ಚಿನ್ನದ ನಾಣ್ಯ ಸುರಿಯಿತು, ಡೋಲು ಬಡಿಯಿತು, ತೆರೆ ತುಂಬ ‘ಬಿಗ್ ವಿನ್’. ಗೆದ್ದಿದ್ದು 8 ರೂಪಾಯಿ! ಮೇಲಿನ ಮೂಲೆಯಲ್ಲಿ ಸಣ್ಣಕ್ಷರದ ಬ್ಯಾಲೆನ್ಸ್ 12 ಕಡಿಮೆಯಾಗಿದೆ. ಅದು ಅವನ ಕಣ್ಣಿಗೇ ಬಿದ್ದಿಲ್ಲ. ಮುಂದಿನ ಸ್ಪಿನ್‌ನಲ್ಲಿ ಎರಡು ‘7’ ಸಾಲಾಗಿ ನಿಂತವು, ಮೂರನೇ ‘7’ ಗೆರೆಯ ಕೂದಲೆಳೆ ಕೆಳಗೆ. ‘ಛೇ, ಸ್ವಲ್ಪದರಲ್ಲಿ ಹೋಯ್ತು’ ಅನ್ನೋದು ರೆಕಾರ್ಡಿಂಗ್‌ನಲ್ಲಿ ಕೇಳಿಸುತ್ತೆ.

ಸ್ವಲ್ಪದರಲ್ಲಿ ಏನೂ ಹೋಗಿಲ್ಲ. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ಮಾಡಿದ ‘ಲಿಬರ್ಟಿ ಬೆಲ್’ ಯಂತ್ರದಲ್ಲಾದರೆ ಮೂರು ಚಕ್ರ, ಒಂದೊಂದರಲ್ಲಿ ಹತ್ತು ಚಿತ್ರ. ಒಟ್ಟು ಸಾವಿರ ಜೋಡಣೆ, ಕೂತು ಎಣಿಸಬಹುದಿತ್ತು. 1984ರಲ್ಲಿ ಇಂಗೆ ಟೆಲ್ನೇಸ್ ಎಂಬಾತನಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಅಲ್ಲಿಂದಾಚೆಗೆ ಕಣ್ಣಿಗೆ ಕಾಣುವ ಚಕ್ರವೇ ಬೇರೆ, ಒಳಗೆ ಕಂಪ್ಯೂಟರ್ ಎತ್ತುವ ನಂಬರೇ ಬೇರೆ ಆಯಿತು. ಬಟನ್ ಒತ್ತಿದ ಕೂಡಲೇ ಫಲಿತಾಂಶ ನಿರ್ಧಾರ ಆಗಿರುತ್ತೆ, ತಿರುಗುವ ರೀಲ್ ಬರೀ ಪ್ರದರ್ಶನ. ಹಿಂದಿನ ಸ್ಪಿನ್‌ಗೂ ಮುಂದಿನದಕ್ಕೂ ಸಂಬಂಧವೇ ಇಲ್ಲ. ಹೀಗಿರುವಾಗ ‘ರಾತ್ರಿ ಎರಡರ ಮೇಲೆ ಆಡಿ, ಆಗ ಆಪ್ ಜಾಸ್ತಿ ಕೊಡುತ್ತೆ’ ಅಂತ ನಿಮ್ಮ ಚಾನೆಲ್‌ನಲ್ಲಿ ಟಿಪ್ಸ್ ಹಾಕಿದ್ದೀರಲ್ಲ, ಅದನ್ನು ಬರೆದವರಿಗೆ ಸ್ಲಾಟ್ ಹೇಗೆ ನಡೆಯುತ್ತೆ ಅಂತಾದರೂ ಗೊತ್ತಾ? ಗೊತ್ತಿದ್ದೇ ಬರೆದಿದ್ದರೆ ಇನ್ನೂ ಕೆಟ್ಟದ್ದು.

ಆನ್‌ಲೈನ್ ಸ್ಲಾಟ್‌ಗೆ ಲೈಸೆನ್ಸ್ ಕೊಡುವ ಬ್ರಿಟನ್‌ನಲ್ಲೂ ಇದನ್ನೆಲ್ಲ ಹೀಗೆ ಬಿಟ್ಟಿಲ್ಲ. ಬಾಜಿಗಿಂತ ಕಡಿಮೆ ಬಂದಾಗ ಡೋಲು ಬಡಿಯುವಂತಿಲ್ಲ, ಒಂದು ಸ್ಪಿನ್ 2.5 ಸೆಕೆಂಡಿಗಿಂತ ಬೇಗ ಮುಗಿಯುವಂತಿಲ್ಲ, ತಾನಾಗಿ ತಿರುಗುವ ಆಟೋಪ್ಲೇ ಇರುವಂತಿಲ್ಲ. ಇವು 2021ರಿಂದಲೇ ಇರುವ ನಿಯಮ. 2025ರಿಂದ ಒಂದು ಸ್ಪಿನ್‌ಗೆ ಹೆಚ್ಚೆಂದರೆ 5 ಪೌಂಡ್, 18ರಿಂದ 24 ವಯಸ್ಸಿನವರಿಗೆ 2 ಪೌಂಡ್. ನಿಮ್ಮ ಪಟ್ಟಿಯ ಎರಡನೇ ನಂಬರಿನ ಆಪ್‌ನಲ್ಲಿ ಆಟೋಪ್ಲೇ ಇದೆ, ಸ್ಪಿನ್ ಇನ್ನೂ ಬೇಗ ಮುಗಿಸುವ ಟರ್ಬೊ ಬಟನ್ ಬೇರೆ. ಎರಡನ್ನೂ ನೀವು ‘ಪ್ಲಸ್ ಪಾಯಿಂಟ್’ ಅಂತ ಬರೆದಿದ್ದೀರಿ.

ಆ ಆಪ್ ಪ್ಲೇ ಸ್ಟೋರ್‌ನಲ್ಲೂ ಇಲ್ಲ. ಎಪಿಕೆ ಫೈಲ್ ಇಳಿಸಿಕೊಂಡು, ಫೋನ್ ಕೊಡುವ ಎಚ್ಚರಿಕೆಯನ್ನು ಆಫ್ ಮಾಡಿ ಹಾಕಿಕೊಳ್ಳಬೇಕು. ಹೇಗೆ ಆಫ್ ಮಾಡೋದು ಅಂತ ಚಿತ್ರಸಮೇತ ಹೇಳಿಕೊಟ್ಟವರು ನೀವೇ. ದುಡ್ಡು ಹಾಕುವಾಗ ಪ್ರತಿ ಸಲ ಬೇರೆ ಯುಪಿಐ ಐಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಒಂದು ಕಡೆ ಯಾವುದೋ ಟ್ರೇಡರ್ಸ್, ಇನ್ನೊಂದು ಕಡೆ ಮೊಬೈಲ್ ರಿಪೇರಿ ಅಂಗಡಿ, ಮತ್ತೊಂದು ಕಡೆ ಯಾರೋ ಒಬ್ಬ ಮಹಿಳೆಯ ಹೆಸರು. ದಿನವೆಲ್ಲ ಸ್ಟೇಟ್‌ಮೆಂಟ್ ನೋಡುವವನು ನಾನು, ನೆಟ್ಟಗೆ ವ್ಯಾಪಾರ ಮಾಡುವವರ ಖಾತೆ ಹೀಗಿರಲ್ಲ. ದುಡ್ಡು ಹಾಕೋಕೆ ಯಾವ ದಾಖಲೆಯೂ ಬೇಡ. ತೆಗೆಯೋಕೆ ಹೋದಾಗ ಮಾತ್ರ ಆಧಾರ್, ಪ್ಯಾನ್, ಸೆಲ್ಫಿ, ಆಮೇಲೆ ‘ಪರಿಶೀಲನೆಯಲ್ಲಿದೆ’.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪಟ್ಟಿಯ ಹತ್ತೂ ಲಿಂಕ್‌ಗಳ ಬಾಲದಲ್ಲಿ, ಯಾರು ಕಳಿಸಿದ ಗಿರಾಕಿ ಅಂತ ಆಪ್‌ನವರಿಗೆ ತಿಳಿಸುವ ನಿಮ್ಮ ಕೋಡ್ ಇದೆ. ಈ ದಂಧೆಯಲ್ಲಿ ಲಿಂಕ್ ಹಂಚುವವರಿಗೆ ಎರಡು ರೀತಿ ದುಡ್ಡು ಬರುತ್ತೆ. ಒಂದೋ ತಲೆಗೆ ಇಷ್ಟು ಅಂತ, ಇಲ್ಲಾ ಕಳಿಸಿದವನು ಸೋತ ದುಡ್ಡಿನಲ್ಲಿ ಪಾಲು. ನಿಮ್ಮದು ಎರಡನೇದಾದರೆ, ಹುಡುಗನ ಖರ್ಚು ಕಾಲಂ ಬೆಳೆದ ಹಾಗೆ ನಿಮ್ಮ ಜಮಾ ಕಾಲಂ ಬೆಳೆದಿದೆ. ಅವನು ಗೆದ್ದಿದ್ದರೆ ನಿಮಗೆ ಏನೂ ಸಿಗುತ್ತಿರಲಿಲ್ಲ. ಇಂಥವರು ಕೊಟ್ಟ ರ‍್ಯಾಂಕ್ ನೋಡಿ ಯಾರಾದರೂ ಏನನ್ನು ಆರಿಸಿಕೊಳ್ಳೋಕೆ ಸಾಧ್ಯ? ಪಟ್ಟಿಯ ತುದಿಯಲ್ಲಿ, ಇಂಗ್ಲಿಷಿನಲ್ಲಿ, ಬೂದು ಬಣ್ಣದಲ್ಲಿ ‘ಪಾಲುದಾರರಿಂದ ಆದಾಯ ಬರಬಹುದು’ ಅಂತ ಒಂದು ಸಾಲಿದೆ. ಪಟ್ಟಿಯೆಲ್ಲ ಕನ್ನಡ, ಇದೊಂದು ಸಾಲು ಮಾತ್ರ ಇಂಗ್ಲಿಷ್!

ಕಾನೂನು ನಿಮಗೆ ಗೊತ್ತಿರಬಹುದು, ಆದರೂ ದಾಖಲೆಗೆ ಇರಲಿ. ರಮ್ಮಿಗಾದರೆ ಕೌಶಲದ ಆಟ ಅಂತ ವಾದಿಸೋಕೆ ಜಾಗ ಇತ್ತು. ಸ್ಲಾಟ್‌ಗೆ ಆ ವಾದವೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಅಂತ ನೋಡದೆ ದುಡ್ಡಿನ ಆಟವನ್ನೆಲ್ಲ ನಿಷೇಧಿಸುತ್ತೆ. ಜಾಹೀರಾತು ಕೊಡುವವರಿಗೂ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತಿದೆ. ಶಿಫಾರಸು ಮಾಡುವವರು ತಮಗೂ ಕಂಪನಿಗೂ ಇರುವ ದುಡ್ಡಿನ ನಂಟನ್ನು ಮರೆಮಾಚದೆ ಹೇಳಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಇದೆ.

ನಾನು ಕೇಳುವುದು ಇಷ್ಟು. ಪಟ್ಟಿಯನ್ನೂ ಟಿಪ್ಸ್‌ಗಳನ್ನೂ ತೆಗೆಯಿರಿ, ಹೆಸರು ಬದಲಿಸಿ ಮತ್ತೆ ಹಾಕಬೇಡಿ. ಹತ್ತರಲ್ಲಿ ಯಾವ ಯಾವ ಆಪ್‌ನಿಂದ ಯಾವ ಲೆಕ್ಕದಲ್ಲಿ ದುಡ್ಡು ಪಡೆದಿದ್ದೀರಿ, ನಮ್ಮ ಹುಡುಗನ ಖಾತೆಯಿಂದ ನಿಮಗೆ ಬಂದ ಕಮಿಷನ್ ಎಷ್ಟು, ಬರೆದು ತಿಳಿಸಿ. ಅದನ್ನು ವಾಪಸ್ ಕೊಡಿ.

ಎಲ್ಲಕ್ಕಿಂತ ತುರ್ತಾದದ್ದು ಇನ್ನೊಂದು. ಹುಡುಗನನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ಬರುತ್ತಿದ್ದೇವೆ. ಆಪ್ ತೆಗೆದುಹಾಕಿದ್ದಾನೆ. ಆದರೂ ‘ನಿಮಗಾಗಿ 50 ಫ್ರೀ ಸ್ಪಿನ್ ಕಾಯ್ತಿದೆ’ ಅಂತ ನಿಮ್ಮ ಕಡೆಯಿಂದ ಅವನ ವಾಟ್ಸಾಪ್‌ಗೆ ದಿನಾ ಮೆಸೇಜ್ ಬರುತ್ತೆ. ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದರಿಂದ ಶುರು. ಅವನ ನಂಬರನ್ನು ನಿಮ್ಮ ಲಿಸ್ಟ್‌ನಿಂದ ಇವತ್ತೇ ಅಳಿಸಿ. ನೀವು ಯಾರ ಯಾರ ಜೊತೆ ಹಂಚಿಕೊಂಡಿದ್ದೀರೋ ಅಲ್ಲಿಂದಲೂ ಅಳಿಸಿ.

ಹದಿನೈದು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಇದೇ ಪತ್ರ, ಇವೇ ಲಗತ್ತುಗಳ ಜೊತೆ ಪ್ರಾಧಿಕಾರಕ್ಕೂ ಸೈಬರ್ ಪೊಲೀಸರಿಗೂ ಹೋಗುತ್ತೆ. ಉತ್ತರ ಬರಹದಲ್ಲೇ ಇರಲಿ, ಫೋನ್ ಬೇಡ. ಹೋದ ಸಲ ಫೋನ್ ಮಾಡಿದ ನಿಮ್ಮ ಕಸ್ಟಮರ್ ಕೇರ್‌ನವರು ದೂರನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ‘ಹಾಗಿದ್ರೆ ನಾಲ್ಕನೇ ನಂಬರಿನ ಆಪ್ ಟ್ರೈ ಮಾಡಿ ಸಾರ್’ ಅಂದರು.

ಇಂತಿ,
ಹುಡುಗನ ಸೋದರಮಾವ, ದಾವಣಗೆರೆ

ಲಗತ್ತು: ಪಟ್ಟಿಯ ಸ್ಕ್ರೀನ್‌ಶಾಟ್‌ಗಳು, ಬೋನಸ್ ಷರತ್ತಿನ ಪುಟ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಮೆಸೇಜ್‌ಗಳು