ಮೀಟರ್ ಕೆಟ್ಟಿಲ್ಲ, ಎಲೆಕ್ಟ್ರೋಡ್ ಒಣಗಿದೆ

ಸಂಪಾದಕರೇ,

ಕಳೆದ ತಿಂಗಳು ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಅವರ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್‌ನಲ್ಲಿ ಹುಳಿ ಅಳೆಯುವ ಹಳೇ ಪಿಎಚ್ ಮೀಟರು, ದ್ರಾವಣದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ತೋರಿಸುವ ಕಂಡಕ್ಟಿವಿಟಿ ಮೀಟರು, ವೋಲ್ಟೇಜ್ ಅಳೆಯುವ ಪೊಟೆನ್ಶಿಯೋಮೀಟರುಗಳನ್ನೆಲ್ಲ ಗುಜರಿಗೆ ಹಾಕುವ ಪಟ್ಟಿ ಸಿದ್ಧವಾಗಿದೆಯಂತೆ, ಒಮ್ಮೆ ಬಂದು ನೋಡಿ ಅಂದರು. ನಾನು ಕಾರವಾರದ ಕಡೆ ಮೂವತ್ತು ವರ್ಷ ಇದೇ ಪಾಠ ಮಾಡಿದವನು. ತಡೆಯಲಾಗದೆ ಹೋದೆ.

ಬೀರುವಿನಲ್ಲಿ ಐದು ಪಿಎಚ್ ಮೀಟರ್ ಇದ್ದವು. ಎಲ್ಲವೂ ನಾಬ್ ತಿರುಗಿಸಿ ಹೊಂದಿಸುವ ಹಳೇ ನಮೂನೆಯವು. ಪ್ಲಗ್ ಹಾಕಿದರೆ ನಾಲ್ಕು ಚೆನ್ನಾಗಿಯೇ ಹೊತ್ತಿಕೊಂಡವು. ಐದನೆಯದರ ಮುಚ್ಚಳ ಬಿಚ್ಚಿದರೆ ಒಳಗಿನ ಬೋರ್ಡು ಉಪ್ಪುಗಾಳಿಗೆ ಹಸಿರು ಹಿಡಿದು ಹೋಗಿತ್ತು, ಅದು ನಿಜವಾಗಿಯೂ ಸತ್ತಿದೆ, ಒಪ್ಪುತ್ತೇನೆ. ಉಳಿದ ನಾಲ್ಕರಲ್ಲಿ ಮೀಟರಿನ ತಪ್ಪು ಏನೂ ಇರಲಿಲ್ಲ. ದ್ರಾವಣದಲ್ಲಿ ಅದ್ದುವ ಕಡ್ಡಿಗಳು, ಅಂದರೆ ಎಲೆಕ್ಟ್ರೋಡ್‌ಗಳು, ಒಣಗಿ ಬಿದ್ದಿದ್ದವು, ಅಷ್ಟೇ.

ಗಾಜಿನ ಎಲೆಕ್ಟ್ರೋಡ್‌ನ ತುದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಗುಳ್ಳೆ ಇರುತ್ತದೆ. ಕೆಲಸವೆಲ್ಲ ನಡೆಯುವುದು ಆ ತೆಳು ಗಾಜಿನಲ್ಲೇ. ಅದು ಯಾವಾಗಲೂ ಒದ್ದೆಯಾಗಿರಬೇಕು, ಅದೂ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ. ಎಷ್ಟೋ ಕಡೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿಡುತ್ತಾರೆ. ಒಣಗುವುದಕ್ಕಿಂತ ವಾಸಿ ಅನ್ನಿಸಬಹುದು, ಆದರೆ ದಿನಗಟ್ಟಲೆ ಹಾಗಿಟ್ಟರೆ ಅದೂ ಹಾಳೇ. ನಾವು ಆ ನಾಲ್ಕನ್ನೂ ತೊಳೆದು, ರಾತ್ರಿಯಿಡೀ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಇಟ್ಟು, ಆಮೇಲೆ ಪೊಟ್ಯಾಸಿಯಂ ಕ್ಲೋರೈಡ್‌ಗೆ ಹಾಕಿದೆವು. ಮರುದಿನ ಮೂರು ಎಲೆಕ್ಟ್ರೋಡ್ ಬದುಕಿಕೊಂಡವು. ಪಿಎಚ್ 7ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಅದ್ದಿ, ನಾಬ್ ತಿರುಗಿಸಿ 7.00ಕ್ಕೆ ತಂದು, 4ರ ಬಫರಿಗೆ ಹಾಕಿ ಸ್ಲೋಪ್ ಹೊಂದಿಸಿದರೆ ಮುಳ್ಳು ಅಲುಗದೆ ನಿಂತಿತು. ಅಟೆಂಡರ್ ಅಂತೂ ಚಪ್ಪಾಳೆಯನ್ನೇ ತಟ್ಟಿದರು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ ಇದೆ. ಆಷಾಢದಲ್ಲಿ ಇಲ್ಲಿ ಹಗ್ಗದ ಮೇಲಿನ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಆ ಗಾಜಿನ ಗುಳ್ಳೆಯ ರೋಧ ನೂರು ಮೆಗಾ ಓಮ್ ಆಸುಪಾಸು, ಹಾಗಾಗಿ ವೈರಿನ ತುದಿಯ ಪಿನ್ನಿಗೆ ಒಂಚೂರು ತೇವ ತಗುಲಿದರೂ ಸಾಕು, ಸಿಗ್ನಲ್ ಸೋರಿಹೋಗಿ ರೀಡಿಂಗ್ ಒಂದೇ ಸಮ ಜಾರುತ್ತಿರುತ್ತದೆ. ನೋಡಿದವರು ಮೀಟರೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಪಿನ್ ಒರೆಸಿ, ಬೀರುವಿನ ಕೆಳಗಡೆ ಒಂದು 40 ವ್ಯಾಟ್ ಬಲ್ಬ್ ಹೊತ್ತಿಸಿಟ್ಟು, ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಮುಗಿಯಿತು. ನಮ್ಮ ಕಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬಲ್ಬ್ ಆರುತ್ತಲೇ ಇರಲಿಲ್ಲ.

ಇಷ್ಟು ಚಿಕ್ಕ ಕೆಲಸ ಬಿಟ್ಟು, ದ್ರಾವಣ ಬಿಡುವುದು, ಅಳೆಯುವುದು, ಲೆಕ್ಕ ಹಾಕುವುದು ಎಲ್ಲವನ್ನೂ ತಾನೇ ಮಾಡುವ, ಲಕ್ಷಗಟ್ಟಲೆ ಬೆಲೆಯ ಆಟೋಮ್ಯಾಟಿಕ್ ಟೈಟ್ರೇಟರ್ ಒಂದನ್ನು ತರಿಸುವ ಮಾತು ಅಲ್ಲಿ ನಡೆಯುತ್ತಿದೆ. ದಿನಕ್ಕೆ ನೂರಾರು ಸ್ಯಾಂಪಲ್ ನೋಡುವ ಕಾರ್ಖಾನೆಯ ಲ್ಯಾಬ್‌ಗೆ ಅದು ಬೇಕೇ ಬೇಕು. ಕಲಿಯುವ ಮಕ್ಕಳಿಗೆ? ನಲವತ್ತು ಮಕ್ಕಳ ಬ್ಯಾಚಿಗೆ ಒಂದೇ ಯಂತ್ರ, ಒಬ್ಬರು ಗುಂಡಿ ಒತ್ತುವುದು, ಉಳಿದವರು ಪ್ರಿಂಟ್ ಬಂದದ್ದನ್ನು ರೆಕಾರ್ಡ್ ಬುಕ್‌ಗೆ ಅಂಟಿಸುವುದು. ಅದರಲ್ಲಿ ಕಲಿಯುವುದು ಏನು ಉಳಿಯಿತು?

ಅದೇ ಟೈಟ್ರೇಶನ್ ಕೈಯಲ್ಲಿ ಮಾಡುವಾಗ ಏನಾಗುತ್ತದೆ ಅಂತ ಹೇಳುತ್ತೇನೆ. ಫೆರಸ್ ಅಮೋನಿಯಂ ಸಲ್ಫೇಟ್ ಅನ್ನುವ ಕಬ್ಬಿಣದ ಲವಣದ ದ್ರಾವಣಕ್ಕೆ ಬ್ಯೂರೆಟ್‌ನಿಂದ (ಅಳತೆ ಗೆರೆಗಳಿರುವ ಗಾಜಿನ ಕೊಳವೆ) ಪೊಟ್ಯಾಸಿಯಂ ಡೈಕ್ರೋಮೇಟ್ ಅರ್ಧರ್ಧ ಎಂಎಲ್ ಬಿಡುತ್ತಾ ಹೋಗುತ್ತಾರೆ, ಪ್ರತಿ ಸಲ ಕಲಕಿ, ಕಾದು, ಮಿಲಿವೋಲ್ಟ್ ಬರೆದುಕೊಳ್ಳುತ್ತಾರೆ. ಎಷ್ಟೋ ಹೊತ್ತು ನಾಲ್ಕೈದು ಮಿಲಿವೋಲ್ಟ್ ಏರುವುದೇ ಕಷ್ಟ. ಒಂದು ಹುಡುಗಿಗೆ ಬೇಸರ ಬಂದು, ಸರ್ ಇದು ಏರೋದೇ ಇಲ್ಲ ಅಂದಿದ್ದಳು. ಒಂದೊಂದೇ ಹನಿ ಬಿಡು ಅಂದೆ. ಮೂರನೇ ಹನಿಗೆ ನೂರಕ್ಕೂ ಜಾಸ್ತಿ ಮಿಲಿವೋಲ್ಟ್ ಒಮ್ಮೆಲೇ ಜಿಗಿಯಿತು. ಅವಳು ಬ್ಯೂರೆಟ್ ಹಿಡಿದ ಕೈ ಹಾಗೇ ಬಿಟ್ಟು ಪಕ್ಕದವಳನ್ನು ಕರೆದಳು. ಬೀಕರಿನಲ್ಲಿದ್ದ ಫೆರಸ್ ಕಬ್ಬಿಣವೆಲ್ಲ ಮುಗಿದದ್ದು ಆ ಹನಿಗೆ ಅಂತ ಅವಳಿಗೆ ನಾನು ಬೋರ್ಡಿನ ಮೇಲೆ ಬರೆದು ಹೇಳುವ ಅಗತ್ಯವೇ ಬೀಳಲಿಲ್ಲ.

ಜೆಕ್ ರಸಾಯನಶಾಸ್ತ್ರಜ್ಞ ಹೆಯ್ರೋವ್ಸ್ಕಿ 1922ರಲ್ಲಿ ಪ್ರಾಗ್‌ನಲ್ಲಿ ಪೋಲರೋಗ್ರಫಿ (ವೋಲ್ಟೇಜ್ ಏರಿಸುತ್ತಾ ವಿದ್ಯುತ್ ಪ್ರವಾಹ ಅಳೆದು ದ್ರಾವಣದಲ್ಲಿ ಏನಿದೆ ಅಂತ ತಿಳಿಯುವ ವಿಧಾನ) ಕಂಡುಹಿಡಿದಾಗಲೂ ವೋಲ್ಟೇಜನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ಏರಿಸಿ, ಗ್ಯಾಲ್ವನೋಮೀಟರ್ ನೋಡಿ, ಬಿಂದು ಬಿಂದುವಾಗಿ ಗ್ರಾಫ್ ಹಾಕಿದ್ದರು. ತಾನೇ ಗ್ರಾಫ್ ಬರೆಯುವ ಯಂತ್ರವನ್ನು ಅವರೂ ಜಪಾನಿನ ಶಿಕಾಟಾ ಅವರೂ ಸೇರಿ ಮಾಡಿದ್ದು ಆಮೇಲೆ. ಪೋಲರೋಗ್ರಫಿಗಾಗಿ ಹೆಯ್ರೋವ್ಸ್ಕಿ ಅವರಿಗೆ 1959ರಲ್ಲಿ ನೊಬೆಲ್ ಬಂತು. ಇನ್ನು ಅಮೆರಿಕದಲ್ಲಿ ಬೆಕ್‌ಮನ್ 1934ರಲ್ಲಿ ಪಿಎಚ್ ಮೀಟರ್ ಮಾಡಿದ್ದು ಯಾಕೆ ಗೊತ್ತಾ, ನಿಂಬೆರಸದ ಹುಳಿ ಅಳೆಯುವುದಕ್ಕೆ. ನಮ್ಮಲ್ಲಿ ಹುಳಿ ಹಣ್ಣು ಮುರುಗಲು (ಕೋಕಂ) ಇದೆಯಲ್ಲ, ಮಕ್ಕಳು ಮನೆಯಿಂದ ಮುರುಗಲ ರಸ ತಂದು ಅಳೆಯಲಿ.

ಬಾವಿನೀರನ್ನೂ ತರಲಿ. ಕಾಳಿ, ಅಘನಾಶಿನಿ ಅಳಿವೆ ಹತ್ತಿರದ ಊರುಗಳಲ್ಲಿ ಏಪ್ರಿಲ್ ಮೇ ಬಂತೆಂದರೆ ಬಾವಿನೀರು ಉಪ್ಪಾಗುವುದು ಮಕ್ಕಳಿಗೆ ನಾಲಿಗೆಯಿಂದಲೇ ಗೊತ್ತು. ಅದೇ ನೀರನ್ನು ಕಂಡಕ್ಟಿವಿಟಿ ಮೀಟರಿಗೆ ಹಾಕಿ, ಸಮುದ್ರದ ನೀರಿನ ರೀಡಿಂಗ್ ಆದ ಸೆಂಟಿಮೀಟರಿಗೆ ಸುಮಾರು 50 ಮಿಲಿಸೀಮೆನ್ಸ್ ಪಕ್ಕದಲ್ಲಿಟ್ಟು ನೋಡಿದರೆ ತಮ್ಮ ಬಾವಿ ಎಲ್ಲಿದೆ ಅಂತ ತಿಳಿಯುತ್ತದೆ. ಆದರೆ ಮೊದಲು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಸೆಲ್ ಕಾನ್‌ಸ್ಟಂಟ್ (ಅದ್ದುವ ಸೆಲ್‌ನ ಅಳತೆಗೆ ತಕ್ಕ ಗುಣಕ) ಸರಿಮಾಡಬೇಕು, 25 ಡಿಗ್ರಿಯಲ್ಲಿ ಅದು ಸೆಂಟಿಮೀಟರಿಗೆ 1.413 ಮಿಲಿಸೀಮೆನ್ಸ್ ತೋರಿಸಬೇಕು. ಟೆಂಪರೇಚರ್ ನಾಬನ್ನೂ ಮರೆಯುವ ಹಾಗಿಲ್ಲ. ಕಾರವಾರದ ಲ್ಯಾಬಿನಲ್ಲಿ ಮೇ ತಿಂಗಳಲ್ಲಿ ನೀರು 32 ಡಿಗ್ರಿ ಇರುತ್ತದೆ, ಒಂದೊಂದು ಡಿಗ್ರಿಗೆ ಸುಮಾರು ಶೇಕಡ 2ರಷ್ಟು ರೀಡಿಂಗ್ ಏರುತ್ತದೆ, ಲೆಕ್ಕ ಹಾಕಿ ನೋಡಿ. ನಾಬ್ ಇದ್ದರೆ ಮಕ್ಕಳು ಇದನ್ನೆಲ್ಲ ಕೇಳುತ್ತಾರೆ. ಯಂತ್ರ ತಾನೇ ಮಾಡಿಬಿಟ್ಟರೆ ಕೇಳುವುದೇ ಇಲ್ಲ, ಅಲ್ವಾ?

ಕಾಲೇಜಿನವರಲ್ಲಿ, ಇಲಾಖೆಯವರಲ್ಲಿ ನನ್ನ ಬೇಡಿಕೆ ಇಷ್ಟು. ಪಟ್ಟಿಗೆ ಸಹಿ ಹಾಕುವ ಮೊದಲು ಹೊಸ ಎಲೆಕ್ಟ್ರೋಡ್ ಒಂದನ್ನು ಸಿಕ್ಕಿಸಿ ನೋಡಿ. ಒಂದೆರಡು ಸಾವಿರಕ್ಕೆ ಸಿಗುತ್ತದೆ. ಎಲೆಕ್ಟ್ರೋಡ್, ಬಫರ್ ಮಾತ್ರೆ, ಪೊಟ್ಯಾಸಿಯಂ ಕ್ಲೋರೈಡ್‌ಗೆಂದೇ ಪ್ರತಿ ವರ್ಷ ಸ್ವಲ್ಪ ಹಣ ಬೇರೆ ಇಡಿ, ಗಾಜಿನ ಸಾಮಾನಿನ ಖರ್ಚಿನಲ್ಲಿ ಅದನ್ನು ಸೇರಿಸಿ ಕರಗಿಸಬೇಡಿ. ಹಳೇ ಕ್ಯಾಲೊಮೆಲ್ ಎಲೆಕ್ಟ್ರೋಡ್‌ಗಳನ್ನು ಮಾತ್ರ ಸುಮ್ನೆ ಗುಜರಿಗೆ ಎಸೆಯಬೇಡಿ, ಒಳಗೆ ಪಾದರಸ ಇದೆ, ಒಡೆದರೆ ಆಯುವವರ ಕೈಗೆ ಹೋಗುತ್ತದೆ.

ಅಂಕೋಲಾ, ಕುಮಟಾ, ಶಿರಸಿ ಕಡೆಯ ಯಾವ ಕಾಲೇಜಿನವರು ಕರೆದರೂ ನಾನು ಬಸ್ಸು ಹತ್ತಿ ಬರುತ್ತೇನೆ. ಎಲೆಕ್ಟ್ರೋಡ್‌ಗಳನ್ನು ಹಿಂದಿನ ದಿನವೇ ನೆನೆಸಿಟ್ಟಿರಿ.

ಒಬ್ಬ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ
ಕಾರವಾರ