ಪುಣೆಗೆ ಹೊರಟ ಮೊಮ್ಮಗನ ತಾಯಿಗೆ

ಡೊಂಬಿವಲಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸಿ, ಈ ಪತ್ರವನ್ನು ಅವರಿಗೂ ಓದಲು ಕೊಡು.

ನಿನ್ನೆ ರಾತ್ರಿ ನೀನು ಫೋನಿನಲ್ಲಿ, ಸರ್ಕಾರದ ಕೇಂದ್ರೀಕೃತ ಪ್ರವೇಶದ ಕ್ಯಾಪ್ ರೌಂಡಿನಲ್ಲಿ ಮಗನಿಗೆ ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಸೀಟು ಸಿಕ್ಕಿತೆಂದು ಹೇಳುವಾಗ ನಿನ್ನ ದನಿಯಲ್ಲಿ ಸಂತೋಷವೂ ಇತ್ತು, ಗಂಟಲು ಕಟ್ಟಿದ್ದೂ ತಿಳಿಯುತ್ತಿತ್ತು. ಏನೇನು ಕಟ್ಟಿ ಕಳಿಸಬೇಕೆಂದು ಕೇಳಿದೆ. ಬಕೆಟ್ಟು, ಚಾದರ, ಛತ್ರಿಗಳ ಯೋಚನೆ ನನಗಿಲ್ಲ. ಠಾಣೆ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಇಂದ್ರಾಯಣಿ ರೈಲು ಹತ್ತಿದರೆ ಸುಮಾರು ಮೂರು ಗಂಟೆಯಲ್ಲಿ ಪುಣೆ ಬರುತ್ತದೆ, ಮರೆತದ್ದನ್ನು ಮುಂದಿನ ವಾರ ಒಯ್ದು ಕೊಡಬಹುದು. ಆದರೆ ಅವನು ಹೊರಡುವ ಮೊದಲು ನೀವಿಬ್ಬರೂ ಎದುರು ಕೂರಿಸಿಕೊಂಡು ಹೇಳಬೇಕಾದ ಮಾತೊಂದಿದೆ, ಅದನ್ನು ತಡವಾಗಿ ತಲುಪಿಸಿದರೆ ಪ್ರಯೋಜನವಾಗದೆಂದು ನಾನು ಪೆಟ್ಟು ತಿಂದು ಕಲಿತಿದ್ದೇನೆ. ನಿನಗೆ ಈವರೆಗೆ ತಿಳಿಯದ ಆ ಸಂಗತಿಯನ್ನು ನಿನ್ನ ಅಣ್ಣನ, ಅಂದರೆ ನನ್ನ ಮಗನ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವನು 2001ರಲ್ಲಿ ದೂರದ ಊರಿನ ಹಾಸ್ಟೆಲಿಗೆ ಹೋದ. ಆಗ ಹುಡುಗರ ಕೈಯಲ್ಲಿ ಮೊಬೈಲು ಇರಲಿಲ್ಲ. ವಾರಕ್ಕೆರಡು ಸಲ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದ. ಮೀಟರು ಓಡುತ್ತಿದ್ದ ಆ ಮೂರು ನಿಮಿಷಗಳಲ್ಲಿ ನಿಮ್ಮ ದೊಡ್ಡಪ್ಪನ ಮೊದಲ ಪ್ರಶ್ನೆ ಟೆಸ್ಟಿನಲ್ಲಿ ಎಷ್ಟು ಬಂತೆಂಬುದು, ಎರಡನೆಯದು ದುಡ್ಡು ಎಷ್ಟು ಉಳಿದಿದೆಯೆಂಬುದು. ನಾನು ಫೋನು ಕಸಿದುಕೊಂಡು ನಮ್ಮ ಬಿಲ್ಡಿಂಗಿನ ಇನ್ನೊಬ್ಬ ಹುಡುಗ ಹೇಗೆ ಓದುತ್ತಿದ್ದಾನೆಂದು ವರ್ಣಿಸುತ್ತಿದ್ದೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಿದ್ದೆವು. ಮೊದಲ ಟರ್ಮಿನ ಫಲಿತಾಂಶ ಬಂದಾಗ ಎಲ್ಲವೂ ಪಾಸೆಂದು ಹೇಳಿದ, ನಾವು ನಂಬಿದೆವು.

ಮಾರ್ಚಿನಲ್ಲಿ ಆ ಊರಿಗೆ ಮದುವೆಗೆಂದು ಹೋದವಳು, ವಾರ್ಡನ್ನರನ್ನು ಕೇಳಿಕೊಂಡು ಅವನ ಕೋಣೆಗೆ ಹೋದೆ. ಹುಡುಗ ಸೊರಗಿದ್ದ. ಖಾಲಿ ಡಬ್ಬಿ ವಾಪಸು ಒಯ್ಯೋಣವೆಂದು ಮಂಚದ ಕೆಳಗೆ ಕೈ ಹಾಕಿ ಎಳೆದರೆ ಡಬ್ಬಿ ಭಾರವಾಗಿತ್ತು. ಸಂಕ್ರಾಂತಿಗೆ ನಾನು ಕಳಿಸಿದ್ದ ಚಕ್ಕುಲಿ, ಎಳ್ಳುಂಡೆ ಹಾಗೆಯೇ ಇದ್ದವು. ಮುಚ್ಚಳದ ಮೇಲೆ ನಾನು ಬಿಗಿದಿದ್ದ ಬಿಳಿ ಬಟ್ಟೆಯ ಗಂಟು ಕೂಡ ಬಿಚ್ಚಿರಲಿಲ್ಲ. ಮನೆಯಲ್ಲಿ ಚಕ್ಕುಲಿ ಕರಿಯುವಾಗ ಬಾಣಲೆಯ ಮುಂದಿನಿಂದ ಏಳದ ಹುಡುಗ ಅವನು. ಏಕೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಎರಡು ವಿಷಯಗಳಲ್ಲಿ ಫೇಲಾಗಿ ಕೆಟಿ ಬಂದಿದೆ, ಮತ್ತೆ ಪರೀಕ್ಷೆ ಬರೆಯಬೇಕು, ನಿಮಗೆ ಸುಳ್ಳು ಹೇಳಿದ ಮೇಲೆ ನೀವು ಕಳಿಸಿದ್ದನ್ನು ತಿನ್ನಲಾಗಲಿಲ್ಲ ಎಂದ.

ಆ ಎರಡು ಕೆಟಿಗಳು ಮುಂದಿನ ಪರೀಕ್ಷೆಯಲ್ಲಿ ಹೋದವು, ಅದೇನೂ ದೊಡ್ಡದಲ್ಲ. ಆದರೆ ಮೆಸ್ಸಿಗೂ ಸರಿಯಾಗಿ ಹೋಗದೆ, ಯಾರಿಗೂ ಹೇಳದೆ, ಹದಿನೆಂಟು ವರ್ಷದ ಮಗು ಎರಡು ತಿಂಗಳು ಒಬ್ಬನೇ ಅದನ್ನು ಹೊತ್ತುಕೊಂಡಿದ್ದನಲ್ಲ, ಅದು ಈಗಲೂ ನನ್ನನ್ನು ಸುಡುತ್ತದೆ. ಪರೀಕ್ಷೆಯಲ್ಲಿ ಬಿದ್ದರೂ ಮನೆಯವರಿಗೆ ಹೇಳಬಹುದೆಂಬ ಧೈರ್ಯವನ್ನು ನಾವು ಅವನಿಗೆ ಕೊಟ್ಟಿರಲಿಲ್ಲ.

ಆದ್ದರಿಂದ ನೀವಿಬ್ಬರೂ ನಿಮ್ಮ ಮಗನಿಗೆ ಬಾಯಿಬಿಟ್ಟು ಹೇಳಿರಿ: ಕೆಟಿ ಬಂದರೆ, ದುಡ್ಡು ಕಳೆದುಕೊಂಡರೆ, ಯಾರಾದರೂ ಪೀಡಿಸಿದರೆ, ಈ ಶಿಕ್ಷಣವೇ ಬೇಡವೆನ್ನಿಸಿದರೆ, ಮೊದಲು ನಮಗೇ ಹೇಳು, ಆ ದಿನ ನಾವು ಬೈಯುವುದಿಲ್ಲ. ಹೇಳಿದ ಮೇಲೆ ಆ ಮಾತಿಗೆ ನಿಲ್ಲಬೇಕು. ಅಳಿಯಂದಿರ ಸಿಟ್ಟು ಬೇಗ ಬಂದು ಬೇಗ ಇಳಿಯುವಂಥದ್ದೆಂದು ನಾನು ಬಲ್ಲೆ, ಆದರೆ ಫೋನಿನ ಆಚೆಗಿರುವವನಿಗೆ ಅದು ಇಳಿದದ್ದು ಕಾಣಿಸುವುದಿಲ್ಲ. ಕೆಟ್ಟ ಸುದ್ದಿ ಬಂದ ದಿನ ‘ಹೇಳಿದ್ದು ಒಳ್ಳೆಯದಾಯಿತು, ನಾಳೆ ಮಾತಾಡೋಣ’ ಎಂದು ಫೋನು ಇಟ್ಟುಬಿಡಲಿ.

ಫೋನಿನ ಸಮಯವನ್ನು ಅವನೇ ಗೊತ್ತು ಮಾಡಲಿ. ಎಷ್ಟು ಅಂಕ ಬಂತೆಂದು ಕೇಳುವ ಬದಲು ಇವತ್ತು ಯಾರ ಜೊತೆ ಊಟ ಮಾಡಿದೆಯೆಂದು ಕೇಳು; ಉಂಡನೋ ಇಲ್ಲವೋ, ಗೆಳೆಯರಾದರೋ ಇಲ್ಲವೋ, ಎರಡೂ ಆ ಒಂದೇ ಉತ್ತರದಲ್ಲಿ ತಿಳಿಯುತ್ತವೆ. ಅವನು ಎಲ್ಲಿದ್ದಾನೆಂದು ಮೊಬೈಲಿನಲ್ಲಿ ಗುಟ್ಟಾಗಿ ನೋಡುವ ಏರ್ಪಾಡನ್ನು ದಯವಿಟ್ಟು ಮಾಡಬೇಡಿ.

ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ಕಾಟ್ ಬೇಸಿಸ್ ಮೇಲೆ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು, ಇರಬೇಕಾದೀತು. ನಾಲ್ಕು ಹುಡುಗರು ಸೇರಿ ಫ್ಲ್ಯಾಟ್ ಹಿಡಿಯುವುದಾದರೆ ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಎಂಬ ವಾಸದ ಕರಾರು ನೋಂದಣಿಯಾಗಲೇಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಆ ಹೊಣೆಯನ್ನು ಮಾಲೀಕರ ಮೇಲೆಯೇ ಹಾಕಿದೆ. ಡಿಪಾಸಿಟ್ಟಿಗೆ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೆಸ್ಸಿಗೆ ತಿಂಗಳ ಹಣ ಕಟ್ಟುವ ಮೊದಲು ನಾಲ್ಕು ದಿನ ಆಯಾ ದಿನದ ದುಡ್ಡು ಕೊಟ್ಟು ಊಟ ಮಾಡಿ ನೋಡಲಿ. ಲೀವಿಂಗ್ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡುಗಳ ಮೂಲಪ್ರತಿಗಳನ್ನು ಪರಿಶೀಲಿಸಿ ಹಿಂತಿರುಗಿಸಬೇಕೇ ಹೊರತು ಕಾಲೇಜು ಇಟ್ಟುಕೊಳ್ಳುವಂತಿಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಸ್ಪಷ್ಟಪಡಿಸಿದೆ. ಈ ಕೆಲಸಗಳಲ್ಲೆಲ್ಲ ಅಳಿಯಂದಿರು ಪಕ್ಕದಲ್ಲಿ ನಿಲ್ಲಲಿ, ಮಾತಾಡುವುದು, ಓದಿ ಸಹಿ ಹಾಕುವುದು ಮಗನದೇ ಆಗಲಿ. ಹದಿನೆಂಟು ತುಂಬಿದ ಮೇಲೆ ಅವನ ಬ್ಯಾಂಕಿನ ಮೈನರ್ ಖಾತೆಗೆ ಹೊಸ ಸಹಿ, ಹೊಸ ಕೆವೈಸಿ ಬೇಕಾಗುತ್ತದೆ. ಆ ಕೆಲಸಕ್ಕೂ ಅವನೊಬ್ಬನನ್ನೇ ಕಳಿಸು.

ರ‍್ಯಾಗಿಂಗ್ ಮಾಡುವುದಿಲ್ಲವೆಂದು ವಿದ್ಯಾರ್ಥಿಯೂ ಪಾಲಕರೂ ಪ್ರತಿವರ್ಷ ಮುಚ್ಚಳಿಕೆ ಬರೆದುಕೊಡಬೇಕೆಂಬುದು ಯುಜಿಸಿಯ 2009ರ ನಿಯಮ. ಆ ಕಾಗದವನ್ನು ಕಣ್ಣುಮುಚ್ಚಿ ಕೊಡಬೇಡಿ, ಮಗನೊಂದಿಗೆ ಕೂತು ಓದಿರಿ, ಏಕೆಂದರೆ ಪೀಡೆಗೆ ಒಳಗಾಗುವ ಭಯದಷ್ಟೇ, ನಮ್ಮ ಮಗುವೇ ಇನ್ನೊಬ್ಬರ ಮಗುವನ್ನು ಪೀಡಿಸುವವರ ಗುಂಪಿನಲ್ಲಿ ನಿಲ್ಲುವ ಭಯವೂ ನಮಗಿರಬೇಕು. ರ‍್ಯಾಗಿಂಗಿನ ದೂರಿಗೆ 1800-180-5522, ಮನಸ್ಸು ತೀರ ಕುಗ್ಗಿದಾಗ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಎರಡೂ ಸಂಖ್ಯೆಗಳು ಅವನ ಮೊಬೈಲಿನಲ್ಲೂ ನಿನ್ನದರಲ್ಲೂ ಇರಲಿ. ಎರಡನೆಯದರಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.

ಮೊದಲ ಮೂರು ನಾಲ್ಕು ವಾರ ಮನೆಯ ನೆನಪಾಗಿ ಅವನಿಗೆ ಅಳುಬಂದರೆ ಗಾಬರಿಯಾಗಬೇಡ. ರೈಲು ಹತ್ತಿರವಿದೆಯೆಂದು ಪ್ರತಿ ಶನಿವಾರ ಕರೆಸಿಕೊಂಡರೆ ಅವನಿಗೆ ಅಲ್ಲಿ ಗೆಳೆಯರೇ ಆಗಲಾರರು; ಗೆಳೆತನ ಬೆಳೆಯುವುದು ರಜೆಯ ದಿನಗಳಲ್ಲಿ. ಗಣೇಶ ಚೌತಿಗೆ ಬರಲಿ, ಅಲ್ಲಿಯವರೆಗೆ ತಡೆದುಕೊಳ್ಳಿ. ಆದರೆ ವಾರಗಟ್ಟಲೆ ನಿದ್ದೆಯಿಲ್ಲ, ಕ್ಲಾಸಿಗೆ ಹೋಗುತ್ತಿಲ್ಲ, ಫೋನು ಎತ್ತುತ್ತಿಲ್ಲ, ಬದುಕೇ ಸಾಕೆಂಬಂಥ ಮಾತು ಬಾಯಿಂದ ಬಂತು ಎಂದಾದರೆ ಚೌತಿಗೆ ಕಾಯದೆ ಆ ದಿನವೇ ಹೊರಟುಬಿಡು. ಕಾಲೇಜಿನ ಶುಲ್ಕ ಹೋದರೂ ಹೋಗಲಿ.

ಇನ್ನೊಂದು ಮಾತು. ನಮ್ಮ ಮಕ್ಕಳು ಹೊರಗೆ ಮರಾಠಿ, ಹಿಂದಿ, ಇಂಗ್ಲಿಷ್ ಆಡಿ ಬೆಳೆದವರು. ಅವರ ಕನ್ನಡವೆಂದರೆ ಅಡುಗೆಮನೆಯಲ್ಲಿ ನಿನ್ನೊಂದಿಗೆ ಆಡುವ ಕನ್ನಡ. ಮನೆ ಬಿಟ್ಟ ದಿನ ಅದು ಕೂಡ ಫೋನಿಗೆ ಇಳಿಯುತ್ತದೆ. ಆ ಹತ್ತು ನಿಮಿಷಗಳನ್ನು ಲೆಕ್ಕ ಕೇಳುವುದಕ್ಕೇ ಕಳೆದರೆ ತಾಯ್ನುಡಿ ಅವನಿಗೆ ಬರೀ ವಿಚಾರಣೆಯ ಭಾಷೆಯಾಗುತ್ತದೆ. ಅಜ್ಜಿಯ ಮೊಣಕಾಲು, ಪಕ್ಕದ ಮನೆಯ ಬೆಕ್ಕು, ನೀನು ಅಂದು ಮಾಡಿದ ಸಾರಿಗೆ ಉಪ್ಪು ಹೆಚ್ಚಾದದ್ದು, ಇಂಥವನ್ನೂ ಹೇಳು. ನಿನಗೆ ಮನೆ ಬಿಕೋ ಎನ್ನುವುದನ್ನು ಮಾತ್ರ ದಿನವೂ ಅವನ ಮೇಲೆ ಹೊರಿಸಬೇಡ. ಅದನ್ನು ನನಗೆ ಹೇಳು. ಮಧ್ಯಾಹ್ನ ಮೂರರ ಮೇಲೆ ನಾನು ಯಾವಾಗಲೂ ಮನೆಯಲ್ಲಿರುತ್ತೇನೆ.

ಬರುವ ಭಾನುವಾರ ಅವನನ್ನು ಇಲ್ಲಿಗೆ ಕಳಿಸು. ಚಟ್ನಿಪುಡಿ ಕುಟ್ಟಿಟ್ಟಿದ್ದೇನೆ, ಚಕ್ಕುಲಿಯನ್ನು ಶನಿವಾರ ಕರಿಯುತ್ತೇನೆ. ಈ ಸಲ ಸಣ್ಣ ಡಬ್ಬಿಯಲ್ಲೇ ಕೊಡುತ್ತೇನೆ, ಕೋಣೆಯ ಗೆಳೆಯರೊಂದಿಗೆ ಮೊದಲ ರಾತ್ರಿಯೇ ತಿಂದು ಮುಗಿಸಲಿ.

ಇತಿ ನಿನ್ನ
ದೊಡ್ಡಮ್ಮ