ನೋಟರಿ ನೇಮಕಾತಿಗೆ ಅರ್ಜಿ ಹಾಕುವವರ ಗಮನಕ್ಕೆ

ಮಾನ್ಯ ವಕೀಲ ಮಿತ್ರರೇ,

1952ರ ನೋಟರಿ ಕಾಯ್ದೆಯಡಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡೂ ನೋಟರಿಗಳನ್ನು ನೇಮಿಸುವುದರಿಂದ, ಯಾವ ಸರ್ಕಾರಕ್ಕೆ, ಯಾವ ಪ್ರದೇಶಕ್ಕಾಗಿ ಅರ್ಜಿ ಸಲ್ಲಿಸುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. 1956ರ ನೋಟರಿ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 10 ವರ್ಷ ವಕೀಲಿಕೆ ನಡೆಸಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಇತರೆ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಇಲ್ಲಿ ಹಲವರು ಎಡವುತ್ತಾರೆ: ಸನ್ನದು (ವಕೀಲಿಕೆ ನಡೆಸುವ ಪರವಾನಗಿ) ಪಡೆದು ಅಷ್ಟು ವರ್ಷವಾಗಿದ್ದರೆ ಸಾಲದು, ಅಷ್ಟೂ ಕಾಲ ವೃತ್ತಿಯಲ್ಲಿದ್ದಿರಬೇಕು, ಆದ್ದರಿಂದ ಅದಕ್ಕೆ ಪುರಾವೆಯಾಗುವ ಕಾಗದಪತ್ರಗಳನ್ನು ಈಗಿನಿಂದಲೇ ಜೋಡಿಸಿಡಿ ಎಂದು ಕಳಕಳಿಯಿಂದ ಕೋರುತ್ತೇನೆ.

ನೇಮಕವಾದ ಮೇಲೆ ದೊರೆಯುವ, ನೋಟರಿಯಾಗಿ ಕೆಲಸ ಮಾಡಲು ಅನುಮತಿ ನೀಡುವ ವೃತ್ತಿ ಪ್ರಮಾಣಪತ್ರದ ಅವಧಿ 5 ವರ್ಷ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 6 ತಿಂಗಳ ಮೊದಲೇ ಸಲ್ಲಿಸಬೇಕು.